ಚೆಲುವಾಂಬಳ ಗಿಡದ ಕೆಳಗಿನ ಎಲೆಗಳು

ನನ್ನ ಮಗಳ ಗಿಡದ ತುದಿ ಮುರಿದವರು ಯಾರು ಎಂಬುದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ನಾನು ಹೇಳಿದ್ದರಿಂದ ಊರಿಗೆಲ್ಲ ಗೊತ್ತಿತ್ತು. ನಾನು ಹಿಟ್ಟಿನ ಗಿರಣಿ ನಡೆಸುವವಳು. ರಾಗಿ, ಗೋಧಿ ತಂದವರು ತಮ್ಮ ಸರದಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಮುಂದೆ ಒಂದು ಮಾತು ಆಡಿದರೆ ಸಾಕು, ಸಂಜೆಯ ಹೊತ್ತಿಗೆ ಹಿಟ್ಟಿನ ಜೊತೆ ಅದೂ ಮನೆಮನೆಗೆ ಮುಟ್ಟಿರುತ್ತದೆ.

ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಟೊಮ್ಯಾಟೊ ಗಿಡವಿದೆ. ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಸಾಲುಸಾಲಾಗಿ ಕೋಲು ಊರಿ, ಗಿಡವನ್ನು ಬಾಳೆನಾರಿನಿಂದ ಕಟ್ಟಿ, ಕೋಲಿನ ತಲೆಗೆ ಹೆಸರು ಬರೆದ ತಗಡು ಹೊಡೆದಿರುತ್ತೇವೆ. ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸ ಸಸಿ ಹಾಕುತ್ತೇವೆ. ಗಿಡ ಮೇಲಕ್ಕೆ ಹೋದಂತೆ ಕೆಳಗಿನ ಎಲೆಗಳು ಹಳತಾಗಿ ಮಣ್ಣಿಗೆ ಬಾಗುತ್ತವೆ. ಎಲೆ ಬಾಗಿದಂತೆ ಆ ಗಿಡದವರ ಕಾಲು ಭಾರವಾಗುತ್ತದೆ. ಎರಡು ಎಲೆ ಬಾಗಿದ್ದರೆ ಮೆಟ್ಟಿಲು ಹತ್ತುವಾಗ ತಿಳಿಯುತ್ತದೆ. ಐದಾರಾದರೆ ಚಪ್ಪಲಿ ಎಳೆದುಕೊಂಡು ನಡೆಯಬೇಕಾಗುತ್ತದೆ. ಎಲೆ ಕತ್ತರಿಸಿದರೆ ಕಾಲು ಹಗುರಾಗುತ್ತದೆ. ಆದರೆ ತಮ್ಮ ಎಲೆಯನ್ನು ತಾವೇ ಕತ್ತರಿಸಿದರೆ ಕಾಲು ಹಗುರಾಗುವುದಿಲ್ಲ, ಬೇರೆಯವರ ಕೈಯೇ ಬೇಕು. ಆದ್ದರಿಂದ ಇಲ್ಲಿ ಎಲ್ಲರೂ ಇಬ್ಬಿಬ್ಬರಾಗಿ ಜೋಡಿ ಮಾಡಿಕೊಂಡಿರುತ್ತೇವೆ. ನೀವು ನನ್ನದು ಕತ್ತರಿಸಿದರೆ ನಾನು ನಿಮ್ಮದು ಕತ್ತರಿಸಲೇಬೇಕು. ಮಕ್ಕಳಿಗೆ ಮಾತ್ರ ಈ ಲೆಕ್ಕವಿಲ್ಲ, ದೊಡ್ಡವರು ಯಾರಾದರೂ ಅವರದನ್ನು ನೋಡಿಕೊಳ್ಳುತ್ತಾರೆ.

ಮದುವೆಯಾಗಿ ಬಂದ ವರ್ಷ ನಮ್ಮತ್ತೆ ನನ್ನನ್ನು ಬಯಲಿಗೆ ಕರೆದುಕೊಂಡು ಹೋಗಿ ಕಲಿಸಿದ್ದರು. ನಮ್ಮ ಮನೆಯವರ ವಾಡಿಕೆಯ ದಿನ ಗುರುವಾರ. ಇಬ್ಬನಿ ಆರಿದ ಮೇಲೆ ಕತ್ತರಿ ಹಿಡಿಯಬೇಕು. ಮೊದಲ ಕಾಯಿಗೊಂಚಲಿಗಿಂತ ಕೆಳಗಿರುವ ಎಲೆ ಮಾತ್ರ, ಅದೂ ಒಂದು ಸಲಕ್ಕೆ ಮೂರೇ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಅರಿಸಿನದ ನೀರಿನಲ್ಲಿ ಅದ್ದಬೇಕು. "ತುದಿ ಕಡೆ ಮಾತ್ರ ಕೈ ಹೋಗಬಾರದು ವಿಶಾಲಾಕ್ಷಿ," ಅಂದಿದ್ದರು. ತುದಿ ಯಾರ ಕೈಯಲ್ಲಿ ಮುರಿದರೂ ಗಿಡದವರು ಹಾಸಿಗೆ ಹಿಡಿಯುತ್ತಾರೆ. ಪಕ್ಕದ ಎಲೆಯ ಕಂಕುಳಿನಿಂದ ಹೊಸ ಚಿಗುರು ಎದ್ದು ಅದೇ ತುದಿಯಾಗುವವರೆಗೆ ಏಳುವುದಿಲ್ಲ. ಆದ್ದರಿಂದಲೇ ಗಿಡವನ್ನು ಯಾರ ಕೈಗೆ ಕೊಡಬೇಕೆಂದು ಎಲ್ಲರೂ ಬಹಳ ಯೋಚಿಸುತ್ತಾರೆ.

ನನ್ನ ಮಗಳು ಮಂದಾರಳ ಗಿಡವನ್ನು ನಾನು ಯೋಚಿಸದೆಯೇ ಚೆಲುವಾಂಬಳಿಗೆ ಕೊಟ್ಟಿದ್ದೆ. ಚೆಲುವಾಂಬ ನನ್ನ ಓರಗಿತ್ತಿ, ನನ್ನ ಮೈದುನ ಪುಟ್ಟಸ್ವಾಮಿಯ ಹೆಂಡತಿ. ಆಗ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅವಳಿಗೆ ಮಕ್ಕಳಾಗಲಿಲ್ಲ. ಮಂದಾರಳನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು ಅವಳೇ. ಅವಳ ಕೈ ಎಷ್ಟು ಹಗುರವೆಂದರೆ ಎಲೆ ಬಿದ್ದದ್ದು ಮಗುವಿಗೆ ಗೊತ್ತೂ ಆಗುತ್ತಿರಲಿಲ್ಲ.

ಮಂದಾರಳಿಗೆ ಒಂಬತ್ತು ವರ್ಷವಿದ್ದಾಗ ಒಂದು ಗುರುವಾರ ಚೆಲುವಾಂಬ ಅವಳ ಗಿಡದ ಎಲೆ ಕತ್ತರಿಸಿ ಬಂದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಮಗು ಏಳಲಿಲ್ಲ. ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನಾನು ಬಯಲಿಗೆ ಓಡಿದೆ. ಗಿಡದ ತುದಿ ಇರಲಿಲ್ಲ. ಮುರಿದ ಜಾಗದಲ್ಲಿ ಹಸಿರು ರಸ ಆಗಷ್ಟೇ ಒಣಗುತ್ತಿತ್ತು. ಬೆಳಿಗ್ಗೆ ಆ ಗಿಡದ ಹತ್ತಿರ ಕತ್ತರಿ ಹಿಡಿದು ಕೂತಿದ್ದವಳು ಚೆಲುವಾಂಬ ಒಬ್ಬಳೇ.

ಎರಡೂವರೆ ತಿಂಗಳು ನನ್ನ ಮಗಳು ಮಲಗಿದ್ದಳು. ಆ ಎರಡೂವರೆ ತಿಂಗಳು ನಾನು ಗಿರಣಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದೆ. ಮಕ್ಕಳಿಲ್ಲದವಳು, ಹೊಟ್ಟೆಕಿಚ್ಚಿಗೆ ಮುರಿದಳು ಎಂದೆ. ಕೈ ತಪ್ಪಿ ಆಗಿರಬಹುದು ಎಂದು ನನ್ನ ಗಂಡ ಒಮ್ಮೆ ಅಂದದ್ದಕ್ಕೆ ಅವರ ಜೊತೆಗೂ ಮಾತು ಬಿಟ್ಟೆ. ಒಂದು ದಿನ ಚೆಲುವಾಂಬ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಎರಡೂ ಕೈ ಮುಂದೆ ಚಾಚಿ, "ಅಕ್ಕ, ನನ್ ಕತ್ತರಿ ಎಲ್ಲಿ ತಾಗಿತೋ ಗೊತ್ತಾಗ್ಲಿಲ್ಲ. ಬೇಕು ಅಂತ ಮಾಡ್ಲಿಲ್ಲ ಅಕ್ಕ," ಎಂದು ಶುರು ಮಾಡಿದಳು. ನಾನು ಗಿರಣಿಯ ಸ್ವಿಚ್ಚು ಒತ್ತಿದೆ. ಮುಂದಿನ ಮಾತು ಆ ಸದ್ದಿನಲ್ಲಿ ಕೇಳಲಿಲ್ಲ. ಅವಳ ತುಟಿ ಅಲ್ಲಾಡುವುದು ಮಾತ್ರ ಕಾಣಿಸುತ್ತಿತ್ತು. ಆ ತಿಂಗಳೇ ಗಂಡಹೆಂಡತಿ ಬೇರೆ ಮನೆ ಮಾಡಿಕೊಂಡು ಕುಂಬಾರ ಬೀದಿಗೆ ಹೋದರು.

ಮಂದಾರ ಎದ್ದು ಓಡಾಡತೊಡಗಿದಳು, ಬೆಳೆದಳು. ಮೂರು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡ ಮೇಲೆ ಅವಳು ನನ್ನ ಗಿಡ ನೋಡಿಕೊಳ್ಳುತ್ತಿದ್ದಳು, ನಾನು ಅವಳದು. ಕಳೆದ ವರ್ಷ ಪುಟ್ಟಸ್ವಾಮಿಯೂ ಹೋದ. ಹೆಂಡತಿಗೆ ಕತ್ತರಿ ಹಿಡಿಯುತ್ತಿದ್ದವನು ಅವನೊಬ್ಬನೇ. ಈಗ ಚೆಲುವಾಂಬಳ ಗಿಡವನ್ನು ಕತ್ತರಿಸಿದರೆ ತಮ್ಮ ಗಿಡವನ್ನು ಆ ಕೈಗೆ ಕೊಡಬೇಕಾಗುತ್ತದಲ್ಲ ಎಂದು ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ. ಹಳೆಯ ಗಿಡ ಕಿತ್ತು ಹೊಸ ಸಸಿ ಹಾಕುವವರೆಗೆ ಹೇಗೋ ಕಾಲು ಎಳೆದಳು. ಹೊಸ ಗಿಡದ ಎಲೆಗಳೂ ಬಾಗತೊಡಗಿದವು. ಸಂತೆಗೆ ಗೋಡೆ ಹಿಡಿದುಕೊಂಡು ಬರುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ನಾನು ಅದನ್ನು ಗಿರಣಿಯಿಂದಲೇ ನೋಡುತ್ತಿದ್ದೆ. ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ನಿಜ.

ಈ ವರ್ಷ ಮಂದಾರಳಿಗೆ ನದಿಯಾಚೆಯ ಊರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಊರು ಬಿಟ್ಟವರಿಗೆ ಗಿಡದ ಹಂಗಿಲ್ಲ. ಹೊರಡಲು ಹತ್ತು ದಿನವಿತ್ತು. ಆ ಗುರುವಾರ ಮಂದಾರ ನನ್ನ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕತ್ತರಿ ಅದ್ದಿ, ಕತ್ತರಿಸದೆ ಹಾಗೇ ಹಿಡಿದುಕೊಂಡಳು.

"ಅಮ್ಮಾ, ನಾನು ಹೋದ್ಮೇಲೆ ನಿನ್ ಗಿಡ ಯಾರ್ ನೋಡ್ಕೋತಾರೆ?"

"ಎದುರುಮನೆ ಜಲಜಮ್ಮನ್ನ ಕೇಳಿದೀನಿ. ಸೊಸೆ ಹೆರಿಗೆಗೆ ಹೋಗಿದಾಳೆ, ಅವರಿಗೂ ಕೈ ಬೇಕಾಗಿದೆ."

"ಚಿಕ್ಕಮ್ಮನ್ನ ಕೇಳು."

"ಯಾವ ಚಿಕ್ಕಮ್ಮ? ನಿನ್ನ ಎರಡೂವರೆ ತಿಂಗಳು ಮಲಗಿಸಿದ್ಲಲ್ಲ, ಅವಳನ್ನಾ?"

ಮಂದಾರ ಕತ್ತರಿಯನ್ನು ಮಣ್ಣಿನ ಮೇಲಿಟ್ಟಳು. "ಅವರು ಮುರೀಲಿಲ್ಲಮ್ಮ. ನಾನೇ ಮುರಿದಿದ್ದು."

ಮೊದಲು ನನಗೆ ಅರ್ಥವಾಗಲಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಆ ದಿನ ಚಿಕ್ಕಮ್ಮ ಮನೆಗೆ ಹೊರಟ ಮೇಲೆ ಅವಳು ಅಲ್ಲೇ ಉಳಿದಳಂತೆ. ಶಾಲೆಯಲ್ಲಿ ಯಾರ ಗಿಡ ಎತ್ತರ ಎಂಬ ಪಂದ್ಯ ನಡೆಯುತ್ತಿತ್ತಂತೆ. ತನ್ನ ಹಣೆಯವರೆಗೆ ಬರುತ್ತದೋ ಎಂದು ನೋಡಲು ತುದಿ ಹಿಡಿದು ಮೇಲಕ್ಕೆ ಎಳೆದಳು. ಪಟ್ ಎಂದಿತು. ಎಂಜಲು ಹಚ್ಚಿ ಅಂಟಿಸಲು ನೋಡಿದಳು, ನಿಲ್ಲಲಿಲ್ಲ. ತುದಿಯನ್ನು ಕಾಲುವೆಗೆ ಎಸೆದು ಮನೆಗೆ ಓಡಿ ಬರುವಷ್ಟರಲ್ಲಿ ಕಣ್ಣು ಎಳೆಯತೊಡಗಿತ್ತು.

"ಯಾಕೇ ಹೇಳ್ಲಿಲ್ಲ?"

"ನಾನು ಏಳೋ ಹೊತ್ತಿಗೆ ಚಿಕ್ಕಮ್ಮ ಮನೆ ಬಿಟ್ಟು ಹೋಗಿದ್ರು. ನೀನು ಎಲ್ರಿಗೂ ಹೇಳಿಯಾಗಿತ್ತು. ಪ್ರತಿ ವರ್ಷ ಸಸಿ ಹಾಕೋವಾಗ ಈ ಸಲ ಹೇಳ್ಬಿಡೋಣ ಅಂದ್ಕೋತಿದ್ದೆ. ಆಗ್ತಿರ್ಲಿಲ್ಲ."

ಅವಳನ್ನು ಹೊಡೆಯಲು ನನ್ನ ಕೈ ಎದ್ದಿತು, ಹೊಡೆಯಲಿಲ್ಲ. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು ಅದಕ್ಕಿಂತ ಕೆಟ್ಟದ್ದು. "ಇದನ್ನ ಇನ್ಯಾರ ಹತ್ರಾನೂ ಆಡ್ಬೇಡ," ಅಂದೆ. ಊರ ಮುಂದೆ ನನ್ನ ಮುಖ ಏನಾಗುತ್ತದೆ ಎಂಬುದೇ ನನಗೆ ಮೊದಲು ಹೊಳೆದದ್ದು. ಮಂದಾರ ನನ್ನನ್ನು ಒಂದು ಕ್ಷಣ ನೋಡಿ, ಎದ್ದು, ನಾಲ್ಕು ಸಾಲು ಆಚೆ ಹೋಗಿ ಒಂದು ಕೋಲಿನ ಪಕ್ಕ ನಿಂತಳು. ಅದರ ತಗಡಿನ ಮೇಲೆ ಚೆಲುವಾಂಬಳ ಹೆಸರಿತ್ತು.

ನಾನೂ ಹೋದೆ. ಕೆಳಗಿನ ಎಲೆಗಳೆಲ್ಲ ನೆಲಕ್ಕೆ ಒರಗಿ, ಮಳೆ ಹನಿಗೆ ಸಿಡಿದ ಮಣ್ಣು ಮೆತ್ತಿಕೊಂಡು ಹಳದಿಯಾಗಿದ್ದವು. ಬುಡದ ಹತ್ತಿರದವುಗಳ ಮೇಲೆ ಕಪ್ಪು ಚುಕ್ಕಿಗಳು. ಬಯಲಿನ ಕಾವಲುಗಾರ ಶಿವಲಿಂಗಯ್ಯ ಕೋಲೂರುತ್ತ ಬಂದರು. ಕಾವಲಿನವರು ಯಾರ ಗಿಡವನ್ನೂ ಮುಟ್ಟುವಂತಿಲ್ಲ.

"ಹನ್ನೆರಡು ಎಲೆ ಬಿದ್ದಿದೆ ಕಣಮ್ಮ," ಅಂದರು. "ದಿನಾ ಎಣಿಸ್ತೀನಿ. ಚುಕ್ಕಿ ಮೇಲಕ್ಕೆ ಹತ್ತಿದ್ರೆ ಗಿಡಾನೇ ಹೋಗುತ್ತೆ."

"ಎಷ್ಟು ದಿನ ಇರ್ಬಹುದು?"

"ಹದಿನೈದೋ, ಇಪ್ಪತ್ತೋ."

ಗಿಡವೇ ಹೋದರೆ ಏನಾಗುತ್ತದೆ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿಡೀ ಗಿರಣಿಯಲ್ಲಿ ನನಗೆ ಕೆಲಸ ಸಾಗಲಿಲ್ಲ. ಯಾರದೋ ಗೋಧಿಯ ಮೇಲೆ ರಾಗಿ ಸುರಿದೆ. ಸ್ವಿಚ್ಚಿನ ಕಡೆ ಕೈ ಹೋದಾಗಲೆಲ್ಲ ಬಾಗಿಲಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಸಂಜೆ ಮಂದಾರಳನ್ನು ಕರೆದು, "ನಾಳೆ ಬೆಳಿಗ್ಗೆ ಹೋಗೋಣ," ಅಂದೆ. ಅವಳು ಹೂಂ ಅಂದಳು. ನನಗಿಂತ ಮೊದಲೇ ಎದ್ದು ಸ್ನಾನ ಮಾಡಿ ಕೂತಿದ್ದಳು.

ಕುಂಬಾರ ಬೀದಿಯ ಮನೆಯ ಬಾಗಿಲು ತೆರೆದೇ ಇತ್ತು. ಚೆಲುವಾಂಬ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೈಗೆ ಸಿಗುವಂತೆ ಒಂದು ಸ್ಟೂಲಿನ ಮೇಲೆ ನೀರಿನ ಚೊಂಬು, ಸೀಮೆಎಣ್ಣೆ ಒಲೆ, ನಾಲ್ಕು ಡಬ್ಬಿ. ಅಡುಗೆಮನೆಯನ್ನೇ ಮಂಚದ ಹತ್ತಿರಕ್ಕೆ ತಂದುಕೊಂಡಿದ್ದಳು. ನನ್ನನ್ನು ನೋಡಿ ಅವಳ ಮುಖ ಗಟ್ಟಿಯಾಯಿತು. ಮಂದಾರಳನ್ನು ನೋಡಿ ಸ್ವಲ್ಪ ಸಡಿಲವಾಯಿತು.

"ಊರು ಬಿಡ್ತಾಳಂತಲ್ಲ. ಹೇಳಕ್ಕೆ ಬಂದ್ರಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಮಂದಾರ ಅವಳ ಕಾಲಿನ ಹತ್ತಿರ ಕೂತಳು. "ಚಿಕ್ಕಮ್ಮಾ, ಅವತ್ತು ತುದಿ ಮುರಿದಿದ್ದು ನೀವಲ್ಲ. ನೀವು ಹೋದ್ಮೇಲೆ ನಾನು ಎಳೆದೆ. ನನ್ ಕೈಯಲ್ಲೇ ಮುರೀತು."

ಚೆಲುವಾಂಬ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ಎತ್ತಿದಳು. "ನಾನಲ್ವಾ?" ಎಂದು ಕೇಳಿದಳು.

"ಅಲ್ಲ ಚಿಕ್ಕಮ್ಮ."

"ನನ್ ಕತ್ತರಿ ತಾಗಿರ್ಲಿಲ್ವಾ? ಸರಿಯಾಗಿ ನೆನಪು ಮಾಡ್ಕೊ."

"ಇಲ್ಲ. ನೀವು ಹೋಗೋವಾಗ ತುದಿ ನೆಟ್ಟಗಿತ್ತು. ನಂಗೆ ಚೆನ್ನಾಗಿ ಗೊತ್ತು."

"ನಾನಲ್ಲ," ಎಂದಳು ಚೆಲುವಾಂಬ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಎದೆಯಿಂದ ಎಷ್ಟು ದೊಡ್ಡ ಉಸಿರು ಹೊರಬಂತೆಂದರೆ, ಅವಳು ಒಳಗೆಳೆದುಕೊಂಡಿದ್ದು ಯಾವಾಗ ಎಂದು ನನಗೆ ಅನ್ನಿಸಿತು. ಆಗಲೇ ನನಗೆ ಗೊತ್ತಾದದ್ದು, ಹನ್ನೊಂದು ವರ್ಷ ಊರು ನಂಬಿದ್ದನ್ನು ಅವಳೂ ನಂಬಿದ್ದಳು.

"ನಿಮ್ ಚಿಕ್ಕಪ್ಪಂಗೆ ಎಲೆ ಕತ್ತರಿಸೋವಾಗ ಪ್ರತಿ ಸಲ ನನ್ ಕೈ ನಡುಗೋದು," ಎಂದು ಮಂದಾರಳಿಗೆ ಹೇಳಿದಳು. "ಅವರೇ ಧೈರ್ಯ ಹೇಳೋರು. ಏನೂ ಆಗಲ್ಲ ಕತ್ತರಿಸು ಅನ್ನೋರು. ಅವರು ಇದನ್ನ ಕೇಳ್ದೇ ಹೋದ್ರಲ್ಲ." ಅಳುತ್ತಿದ್ದಳು, ಆದರೆ ನೋವಿಗೆ ಅತ್ತ ಹಾಗಿರಲಿಲ್ಲ. ಮಂದಾರಳ ತಲೆಯ ಮೇಲೆ ಕೈಯಿಟ್ಟು, "ಮಗೂಗೆ ಭಯ ಆಗಿರುತ್ತೆ," ಅಂದಳು.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. "ಅಕ್ಕ, ಅವತ್ತು ನಾನು ಮಾತಾಡ್ತಿರೋವಾಗ ನೀವು ಗಿರಣಿ ಹಾಕಿದ್ರಿ."

"ಹೌದು ಚೆಲುವಾ. ತಪ್ಪು ಮಾಡ್ದೆ."

"ಹೊಟ್ಟೆಕಿಚ್ಚು ಅಂದ್ರಿ."

"ಅಂದೆ."

"ಆಚೆ ಹೋಗಿ."

ನಾನು ಆಚೆ ಬಂದು ಜಗಲಿಯ ಕೆಳಗೆ ನಿಂತೆ. ಬಿಸಿಲು ಏರುತ್ತಿತ್ತು. ಎದುರಿನ ಅಂಗಳದಲ್ಲಿ ಒಣಗಲು ಇಟ್ಟ ಹಣತೆಗಳನ್ನು ನೋಡುತ್ತ ನಿಂತೆ. ಅವಳು ಇನ್ನು ಕರೆಯುವುದಿಲ್ಲ, ಗಿಡದವರು ಒಪ್ಪದಿದ್ದರೆ ಗಿಡ ಮುಟ್ಟುವ ಹಾಗಿಲ್ಲ, ಹದಿನೈದು ದಿನ, ಇಪ್ಪತ್ತು ದಿನ. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ. ಕೊನೆಗೆ ಚೆಲುವಾಂಬಳ ದನಿ ಜೋರಾಗಿಯೇ ಬಂತು. "ಮಂದಾರಾ, ನಿಮ್ಮಮ್ಮನ್ನ ಕರಿ. ಕೋಪ ಅದರ ಪಾಡಿಗೆ ಇರ್ಲಿ. ನಂಗೆ ಕಾಲು ಬೇಕು."

ಗಿರಣಿಯ ಮೂಟೆ ಸಾಗಿಸುವ ತಳ್ಳುಗಾಡಿ ತಂದೆವು. ಮೇಲೆ ಗೋಣಿಚೀಲ ಹಾಸಿ, ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದೆವು. ಮಂದಾರ ಹಿಂದಿನಿಂದ ತಳ್ಳಿದಳು, ನಾನು ಪಕ್ಕದಲ್ಲಿ ನಡೆದೆ. ಬೀದಿಯ ತಿರುವಿನಲ್ಲೇ ಜನ ಕೇಳತೊಡಗಿದರು. ಎಲ್ಲಿಗೆ, ಏನಾಯಿತು, ನೀನು ಇವಳ ಜೊತೆ ಹೇಗೆ ವಿಶಾಲಾಕ್ಷಿ? ಮಂದಾರ ಉತ್ತರಿಸಲು ಹೊರಟಳು. ನಾನು ತಡೆದೆ. ಹಬ್ಬಿಸಿದವಳು ನಾನು. "ಅವತ್ತು ತುದಿ ಮುರಿದಿದ್ದು ಚೆಲುವಾಂಬ ಅಲ್ಲ. ಮಗುವಿನ ಕೈಯಲ್ಲೇ ಮುರಿದಿದ್ದು. ನಾನು ಸುಳ್ಳು ಹಬ್ಬಿಸಿದ್ದೆ," ಎಂದು ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು. ಸೋಡಾ ಅಂಗಡಿಯ ಮುಂದೆ, ಶಾಲೆಯ ಗೇಟಿನಲ್ಲಿ, ನಲ್ಲಿಯ ಹತ್ತಿರ ಮತ್ತೆ ಹೇಳಿದೆ. ಏಳನೆಯದೋ ಎಂಟನೆಯದೋ ಸಲಕ್ಕೆ ದನಿ ತಾನಾಗಿಯೇ ಜೋರಾಯಿತು. ಪ್ರತಿ ಸಲ ಹೇಳಿದಾಗಲೂ ಮುಖ ಸುಡುತ್ತಿತ್ತು, ಎದೆ ಮಾತ್ರ ಸ್ವಲ್ಪ ಸ್ವಲ್ಪವೇ ಹಗುರಾಗುತ್ತಿತ್ತು.

ಜಲಜಮ್ಮ ಬಾಗಿಲಲ್ಲಿ ನಿಂತು ಕೇಳಿ, "ಅಯ್ಯೋ, ಅದನ್ನೆಲ್ಲ ಯಾರು ನೆನಪಿಟ್ಕೊಂಡಿದಾರೆ ಬಿಡು," ಅಂದರು.

"ನೆನಪಿಲ್ದೇ ಇದ್ರೆ ಒಂದು ವರ್ಷದಿಂದ ನಂಗೊಂದು ಕೈ ಕೊಡಕ್ಕೆ ಯಾಕೆ ಬರ್ಲಿಲ್ಲ ಜಲಜಕ್ಕ?" ಎಂದು ಚೆಲುವಾಂಬ ಗಾಡಿಯ ಮೇಲಿನಿಂದ ಕೇಳಿದಳು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದರೆ, ಜಲಜಮ್ಮ ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆಯೇ ಬರುತ್ತಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಜನ.

ಬಯಲು ಮುಟ್ಟುವಾಗ ಇಬ್ಬನಿ ಆರಿತ್ತು. ಗಾಡಿಯನ್ನು ಸಾಲಿನ ತುದಿಯವರೆಗೆ ತಂದು ನಿಲ್ಲಿಸಿದೆವು. ನಾನು ಕತ್ತರಿ ಅದ್ದಿ ಮಂಡಿಯೂರಿ, ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಕಪ್ಪಾದ ಎಲೆಯ ತೊಟ್ಟು ಹಿಡಿದೆ. ಕಾಂಡಕ್ಕೆ ಒಂದು ಬೆರಳಷ್ಟು ಬಿಟ್ಟು ಕತ್ತರಿಸಿದೆ. ಎಲೆಯ ಘಾಟು ವಾಸನೆ ಮೂಗಿಗೆ ಹೊಡೆಯಿತು. ಎರಡನೆಯದು. ಮೂರನೆಯದು. ಗಾಡಿಯ ಮೇಲೆ ಚೆಲುವಾಂಬಳ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಪಾದ ಎದ್ದಿತು. "ಎತ್ತಕ್ಕಾಗ್ತಿದೆ," ಎಂದಳು, ತನಗೇ ಹೇಳಿಕೊಳ್ಳುವಂತೆ. "ನಾಲ್ಕನೇದು ಬೇಡ ಕಣಮ್ಮ, ಒಂದು ದಿನ ಬಿಟ್ಟು ಕತ್ತರಿಸು," ಎಂದು ಶಿವಲಿಂಗಯ್ಯ ಹಿಂದಿನಿಂದ ಕೂಗಿದರು. ಕತ್ತರಿಸಿದ ಎಲೆಗಳನ್ನು ಅವರೇ ಒಯ್ದು ಬೆಂಕಿಗೆ ಹಾಕಿದರು.

ಇನ್ನು ನನ್ನ ಸರದಿ. ಮಂದಾರ ಹಿಂದಿನ ದಿನ ಕತ್ತರಿಸದೇ ಬಿಟ್ಟಿದ್ದ ಮೂರು ಎಲೆಗಳಿದ್ದವು. ಚೆಲುವಾಂಬಳನ್ನು ನಡುವೆ ಹಿಡಿದುಕೊಂಡು ನಾಲ್ಕು ಸಾಲು ದಾಟಿಸಿ ನನ್ನ ಗಿಡದ ಮುಂದೆ ಕೂರಿಸಿದೆವು. ಅವಳು ಕತ್ತರಿಯನ್ನು ಅದ್ದಿದಳು, ಸಾಲದೆಂಬಂತೆ ಮತ್ತೊಮ್ಮೆ ಅದ್ದಿದಳು. ಸುತ್ತ ಜನ ಕತ್ತು ಚಾಚಿ ನಿಂತಿದ್ದರು. ಕತ್ತರಿಯ ಮೊನೆ ಗಿಡದ ಹತ್ತಿರ ಬಂದಾಗ ನನಗೂ ಭಯವಾಯಿತು. ಎಲ್ಲ ಗೊತ್ತಾದ ಮೇಲೂ ಆಯಿತು. ನಮ್ಮೂರಿನಲ್ಲಿ ಯಾರೂ ತಮ್ಮ ಗಿಡದ ಮೇಲಿನ ಕಣ್ಣು ತೆಗೆಯುವುದಿಲ್ಲ, ಗಂಡ ಕತ್ತರಿಸಿದರೂ ಹೆಂಡತಿ ನೋಡುತ್ತಲೇ ಇರುತ್ತಾಳೆ. ನಾನು ತಿರುಗಿ, ಗಿಡಕ್ಕೆ ಬೆನ್ನು ಹಾಕಿ, ಕೆರೆ ಏರಿಯ ಕಡೆ ಮುಖ ಮಾಡಿ ಕೂತೆ.

"ಅಕ್ಕ, ನೋಡಲ್ವಾ?"

"ಬೇಡ. ನೀನು ಕತ್ತರಿಸು."

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಸಲ ಕತ್ತರಿ ಕಚ್ಚಿದ ಸದ್ದು. ಇನ್ನೊಂದು. ಮತ್ತೊಂದು. ನನ್ನ ಪಾದದಿಂದ ಮೊಣಕಾಲಿಗೆ ಹಗುರತನ ಏರಿ ಬಂತು. ಯಾರೋ ನಕ್ಕರು. ತಿರುಗಿ ನೋಡಿದರೆ ಚೆಲುವಾಂಬ ಬೆರಳಿಗೆ ಹತ್ತಿದ ಹಸಿರು ಕರೆಯನ್ನು ಮೂಸಿ ನೋಡುತ್ತಿದ್ದಳು. ಜಲಜಮ್ಮ ಪಕ್ಕದಲ್ಲಿ ಕೂತು, "ಚೆಲುವಾ, ನನ್ ಸೊಸೆ ಬರೋವರೆಗೂ ನಂಗೂ..." ಎಂದು ಶುರು ಮಾಡಿದರು. "ಒಬ್ಬರಿಗೆ ಒಬ್ಬರೇ ಜಲಜಕ್ಕ. ನಂಗೆ ಇವರಿದಾರೆ," ಎಂದು ಚೆಲುವಾಂಬ ನನ್ನ ಕಡೆ ನೋಡದೆಯೇ ಹೇಳಿದಳು.

ಒಂದು ದಿನ ಬಿಟ್ಟು ಒಂದು ದಿನ ಬಯಲಿಗೆ ಹೋದೆವು. ಎರಡನೆಯ ಸಲವೂ ಗಾಡಿ ಬೇಕಾಯಿತು. ಮೂರನೆಯ ಸಲ ಮಂದಾರಳ ಭುಜ ಸಾಕಾಯಿತು. ನಾಲ್ಕನೆಯ ಸಲ ನಾವು ಹೋಗುವಷ್ಟರಲ್ಲಿ ಅವಳೇ ಬಂದು ಕೂತಿದ್ದಳು. ಗಿಡದ ಬುಡ ಬಯಲಾಗಿ ಗಾಳಿ ಆಡತೊಡಗಿತು, ಚುಕ್ಕಿ ಮೇಲಕ್ಕೆ ಹತ್ತಲಿಲ್ಲ. ನನ್ನ ಜೊತೆ ಅವಳ ಮಾತು ಮಾತ್ರ ಅಷ್ಟಕ್ಕಷ್ಟೆ. ಎಲೆಯ ಮಾತು, ನೀರಿನ ಮಾತು ಆಡುತ್ತಿದ್ದಳು, ಅದರಾಚೆ ಇಲ್ಲ. ನಾನೂ ಕೇಳಲಿಲ್ಲ.

ಮಂದಾರ ಹೊರಡುವ ಬೆಳಿಗ್ಗೆ ಚೆಲುವಾಂಬ ಬಸ್ ಸ್ಟ್ಯಾಂಡಿಗೆ ಬಂದಳು. ಮಂದಾರ ಕಾಲಿಗೆ ಬಿದ್ದು, "ಇನ್ನೂ ಕೋಪ ಇದೆಯಾ ಚಿಕ್ಕಮ್ಮ?" ಎಂದು ಕೇಳಿದಳು.

"ಇದೆ. ನಿನ್ ಮೇಲೆ ಒಂಚೂರು. ನಿಮ್ಮಮ್ಮನ ಮೇಲೆ ಜಾಸ್ತಿ. ಹೋಗಿ ತಲುಪಿದ್ ಮೇಲೆ ನಂಗೆ ಬೇರೆ ಕಾಗದ ಬರಿ, ಅವರ ಕಾಗದದಲ್ಲೇ ಸೇರಿಸ್ಬೇಡ," ಎಂದು ಅವಳ ಕೆನ್ನೆ ಸವರಿದಳು.

ಬಸ್ಸು ಹೊರಟು ಧೂಳು ಇಳಿಯುವವರೆಗೆ ಇಬ್ಬರೂ ನಿಂತಿದ್ದೆವು. ಏನಾದರೂ ಹೇಳೋಣವೆಂದು ತಿರುಗಿದರೆ ಅವಳು ಆಗಲೇ ಹೊರಟಿದ್ದಳು. ಕೈ ಬೀಸಿಕೊಂಡು, ದಾರಿಯ ನಟ್ಟನಡುವೆ, ಎಂಥ ಬಿರುಸಿನ ನಡಿಗೆ! ಎದುರು ಬಂದ ಸೈಕಲ್ಲಿನವನು ಪಕ್ಕಕ್ಕೆ ಸರಿದ.

"ಸ್ವಲ್ಪ ನಿಧಾನ ನಡಿಯೇ ತಾಯಿ!" ಎಂದು ಕೂಗಿದೆ.

"ನಿಧಾನ ನಡೆದು ನಡೆದು ಸಾಕಾಗಿದೆ ಅಕ್ಕ," ಎಂದಳು ತಿರುಗದೆಯೇ. "ಬೇಕಾದ್ರೆ ನೀವೇ ಬೇಗ ಬನ್ನಿ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಐವತ್ತೆರಡು ವರ್ಷದವಳು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಓಡುವುದನ್ನು ಅಂಗಡಿಯವರೆಲ್ಲ ನೋಡಿದರು. ಕುಂಬಾರ ಬೀದಿಯ ತಿರುವಿನಲ್ಲಿ ಅವಳು ನಿಂತಿದ್ದಳು. ಏದುಸಿರು ಬಿಡುತ್ತ ಸೇರಿಕೊಂಡೆ. ಮನೆಗೆ ಬನ್ನಿ ಎನ್ನಲಿಲ್ಲ. ನನ್ನ ಉಸಿರು ಒಂದು ಹದಕ್ಕೆ ಬರುವವರೆಗೆ ಕಾದು, "ಗುರುವಾರ ತಡ ಮಾಡ್ಬೇಡಿ," ಎಂದಷ್ಟೇ ಹೇಳಿ ತನ್ನ ಬೀದಿಗೆ ತಿರುಗಿದಳು. ಅವಳ ಹೆಜ್ಜೆಯ ಸದ್ದು ಕೇಳುತ್ತಿದ್ದಷ್ಟು ಹೊತ್ತು ನಾನು ಅಲ್ಲೇ ನಿಂತಿದ್ದೆ.